ಹಳಿಯ ಮೊಳೆ, ಹಳ್ಳಿಯ ಕುಲುಮೆ

ಚರಿತ್ರೆಯೆಂದರೆ ನಮ್ಮಲ್ಲಿ ಬಹುಮಂದಿಗೆ ಕೋಟೆ, ದೇವಾಲಯ, ಶಿಲಾಶಾಸನ, ತಾಮ್ರಪಟ ಇವೇ ನೆನಪಿಗೆ ಬರುತ್ತವೆ. ಅವೆಲ್ಲ ದೊಡ್ಡ ಸಾಕ್ಷಿಗಳು. ಅವುಗಳ ಮಾತನ್ನು ವಿದ್ವಾಂಸರು ಕೇಳಿ ಬರೆದಿಟ್ಟಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಬಹಳ ಸಣ್ಣ ಸಾಕ್ಷಿಯೊಂದರ ಮಾತು. ಉದ್ದ ಒಂದು ಗೇಣಿಗಿಂತ ಕಡಿಮೆ, ದಪ್ಪ ಹೆಬ್ಬೆರಳಿನಷ್ಟು, ಮೈ ಚೌಕ, ತಲೆ ಒಂದು ಕಡೆಗೆ ಬಾಗಿದೆ, ತುದಿ ಉಳಿಯಂತೆ ಚಪ್ಪಟೆ. ರೈಲುಕಂಬಿಯನ್ನು ಮರದ ಸ್ಲೀಪರಿಗೆ ಕಚ್ಚಿಸಿ ಹಿಡಿಯುತ್ತಿದ್ದ ಮೊಳೆ ಇದು. ರೈಲ್ವೆಯವರು ಇದನ್ನು ಡಾಗ್ ಸ್ಪೈಕ್ ಎನ್ನುತ್ತಾರೆ. ಗುಜರಿ ಅಂಗಡಿಯ ರಾಶಿಯಲ್ಲಿ ಇದನ್ನು ಕಂಡವರು ತುಕ್ಕು ಎಂದು ಮುಂದೆ ಹೋಗುತ್ತಾರೆ. ಕಮ್ಮಾರನಾದರೆ ನಿಂತು, ಕೈಗೆತ್ತಿಕೊಂಡು, ಕಲ್ಲಿಗೆ ಒಮ್ಮೆ ತಟ್ಟಿ ನೋಡುತ್ತಾನೆ. ಆ ಒಂದು ತಟ್ಟಿನ ಹಿಂದೆ ನಮ್ಮ ನಾಡಿನ ಇನ್ನೂರು ವರ್ಷದ ಕಥೆಯಿದೆ.

ಮೊದಲು ರೈಲು ಬರುವುದಕ್ಕೆ ಮುಂಚಿನ ಕಾಲವನ್ನು ನೋಡೋಣ. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಬೆಳೆ, ತೆರಿಗೆ, ಕಸುಬು ಯಾವುದನ್ನೂ ಬಿಡದೆ ಬರೆದುಕೊಂಡ ಆತನ ಕಣ್ಣಿಗೆ ಮಾಗಡಿ, ಚನ್ನಪಟ್ಟಣಗಳ ಸುತ್ತಿನ ಕಬ್ಬಿಣದ ಕೆಲಸವೂ ಬಿದ್ದಿತು. ಅಲ್ಲಿನ ಜನ ಮಳೆಗಾಲದಲ್ಲಿ ಹಳ್ಳಗಳು ಕೊಚ್ಚಿ ತರುತ್ತಿದ್ದ ಕಪ್ಪು ಮರಳನ್ನು ಕೂಡಿಟ್ಟುಕೊಂಡು, ಕಾಡಿನ ಇದ್ದಿಲಿನೊಡನೆ ಮಣ್ಣಿನ ಒಲೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಆವರಿಕೆ ಗಿಡದ ಕಡ್ಡಿ ಮತ್ತು ಹಸಿರೆಲೆಗಳ ಜೊತೆಗೆ ಸಣ್ಣ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ತಿದಿಯೊತ್ತಿದರೆ ಅದು ಉಕ್ಕಾಗುತ್ತಿತ್ತು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಕ್ಕೆ ಸೇರುವುದೇ ಈ ಕ್ರಿಯೆಯ ಗುಟ್ಟು. ಚನ್ನಪಟ್ಟಣದ ಉಕ್ಕಿನ ತಂತಿ ವೀಣೆ ತಂಬೂರಿಗಳಿಗೆ ಬೇಕೆಂದು ದೂರದ ಸೀಮೆಗಳಿಗೂ ಹೋಗುತ್ತಿತ್ತು.

ಪಾಶ್ಚಾತ್ಯರು ಈ ಲೋಹವನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತೇ ಅವರ ನಾಲಗೆಯಲ್ಲಿ ತಿರುಚಿಕೊಂಡದ್ದು ಎಂದು ಬಹುಮಂದಿ ಪಂಡಿತರ ಅಭಿಪ್ರಾಯ. 1819ರ ಸುಮಾರಿಗೆ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಎಂಬ ತರುಣ ವಿಜ್ಞಾನಿ ಈ ಉಕ್ಕಿನ ಗುಣವೇನೆಂದು ಪರೀಕ್ಷಿಸತೊಡಗಿದ. ಮುಂದೆ ವಿದ್ಯುತ್ತಿನ ಸಂಶೋಧನೆಯಿಂದ ಲೋಕಪ್ರಸಿದ್ಧನಾದ ಫ್ಯಾರಡೆ ಇವನೇ. ಅವನ ತಂದೆಯೂ ಕಮ್ಮಾರನೇ ಎಂಬ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಕುಲುಮೆಯ ಮಗನೊಬ್ಬ ಸಾವಿರಾರು ಮೈಲಿ ದೂರದ ಕುಲುಮೆಯ ವಿದ್ಯೆಯನ್ನು ತಲೆಬಾಗಿ ಕಲಿಯಲು ಯತ್ನಿಸಿದನೆಂದು ಹೇಳಬಹುದು.

ಅನಂತರ ಹೊಗೆಬಂಡಿ ಬಂದಿತು. 1864ರಲ್ಲಿ ಮದರಾಸು ರೈಲ್ವೆಯ ಕವಲೊಂದು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮುಟ್ಟಿತು. ಅಲ್ಲಿಂದ ಮೈಸೂರಿನ ಕಡೆಗೆ ದಾರಿ ಬೆಳೆದದ್ದು ಒಂದು ಘೋರ ವಿಪತ್ತಿನ ನಡುವೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಹಾಳುಬಿದ್ದಂತಾಗಿತ್ತು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಳಿದಿತ್ತು. ಹಸಿದ ಜನಕ್ಕೆ ಕೂಲಿ ಕೊಡುವ ಉಪಾಯವಾಗಿ ರೈಲುದಾರಿಯ ಮಣ್ಣಿನ ಕೆಲಸ ನಡೆಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಮೀಟರ್ ಗೇಜಿನ ಆ ದಾರಿ ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಹಾದು ಮೈಸೂರನ್ನು ಸೇರಿತು.

ಓದುಗರು ಆ ಊರುಗಳ ಹೆಸರನ್ನು ಇನ್ನೊಮ್ಮೆ ನೋಡಬೇಕು. ಉಕ್ಕಿನ ತಂತಿಯ ಚನ್ನಪಟ್ಟಣದ ಪಕ್ಕದಲ್ಲೇ, ಮಾಗಡಿಯ ಇದ್ದಿಲುಕಾಡಿಗೆ ಬಹುದೂರವಿಲ್ಲದೆ, ಪರದೇಶದ ಕಬ್ಬಿಣದ ಎರಡು ಕಂಬಿಗಳು ಮಲಗಿದವು. ಕಂಬಿಗಳ ಮೇಲೆ ಬಂದ ಬಂಡಿಗಳಲ್ಲಿ ವಿಲಾಯತಿ ಕಬ್ಬಿಣದ ಪಟ್ಟಿ, ಸಲಾಕಿ, ತಗಡುಗಳು ಬಂದಿಳಿದವು. ಮಣ್ಣಿನ ಒಲೆಯಲ್ಲಿ ದಿನವೆಲ್ಲ ಬೆವರಿ ತೆಗೆದ ನಾಲ್ಕಾರು ಸೇರು ಕಬ್ಬಿಣ, ದೊಡ್ಡ ಕಾರ್ಖಾನೆಗಳಲ್ಲಿ ಟನ್ನುಗಟ್ಟಲೆ ತಯಾರಾದ ಕಬ್ಬಿಣದ ಬೆಲೆಗೆ ಸಮನಾಗಿ ನಿಲ್ಲುವುದು ಹೇಗೆ? ಅತ್ತ ಕಾಡಿನ ಸೌದೆಗೂ ಸರಕಾರದ ಕಟ್ಟುಪಾಡು ಬಂದಿತು. ಒಂದೆರಡು ತಲೆಮಾರುಗಳೊಳಗೆ ಕಬ್ಬಿಣ ಕರಗಿಸುವ ಒಲೆಗಳು ಆರಿದವು. ಹಳೆಯ ಜಾಗಗಳಲ್ಲಿ ಕಿಟ್ಟದ ಗುಡ್ಡೆಗಳು ಮಾತ್ರ ಉಳಿದವು. ಸಂಸ್ಥಾನವು ಮತ್ತೆ ತನ್ನದೇ ಕಬ್ಬಿಣವನ್ನು ತೆಗೆಯಲು 1923ರವರೆಗೆ, ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಭದ್ರಾವತಿಯ ಕಾರ್ಖಾನೆ ಉರಿಯುವವರೆಗೆ, ಕಾಯಬೇಕಾಯಿತು. ಅಲ್ಲಿಯೂ ಮೊದಲು ಉರಿದದ್ದು ಮಲೆನಾಡಿನ ಇದ್ದಿಲೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಇದು ಒಂದು ವಿದ್ಯೆಯ ಮರಣವಾರ್ತೆಯಾಗುತ್ತಿತ್ತು. ಆದರೆ ಆರಿದ್ದು ಕರಗಿಸುವವನ ಒಲೆ. ಬಡಿಯುವವನ ಕುಲುಮೆ ಆರಲಿಲ್ಲ. ಹಳ್ಳಿಗೆ ನೇಗಿಲ ಕುಳ ಬೇಕೇ ಬೇಕು; ಕುಡುಗೋಲಿಗೆ ಹಲ್ಲು ಕೊರೆಯಬೇಕು; ಗುದ್ದಲಿ ಸವೆದರೆ ತಟ್ಟಿ ಎಳೆಯಬೇಕು; ಗಾಡಿಯ ಚಕ್ರಕ್ಕೆ ಪಟ್ಟಾ ಬಿಗಿಯಬೇಕು. ಹಳ್ಳಿಯ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಕಣದಲ್ಲಿ ರಾಶಿಯಾದಾಗ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಅದಕ್ಕೆ ಬದಲಾಗಿ ವರ್ಷವೆಲ್ಲ ಊರಿನ ಹತ್ಯಾರುಗಳನ್ನು ಅವನು ನೋಡಿಕೊಳ್ಳುತ್ತಿದ್ದ. ಹಿಂದೆ ಮಾಗಡಿ ಸೀಮೆಯಿಂದ ಕಬ್ಬಿಣದ ಗಟ್ಟಿ ಬರುತ್ತಿತ್ತು. ಈಗ ಅವನು ಸಂತೆಯ ಸಲಾಕಿಯನ್ನು ಕೊಂಡ. ಅದಕ್ಕಿಂತ ಹೆಚ್ಚಾಗಿ, ಮುರಿದದ್ದು, ಸವೆದದ್ದು, ಬಿಸುಟದ್ದು ಯಾವುದಿದೆಯೋ ಅದರತ್ತ ಕೈ ನೀಡಿದ. ರೈಲು ತಂದ ನಷ್ಟಕ್ಕೆ ರೈಲಿನ ಸವೆದ ಕಬ್ಬಿಣದಿಂದಲೇ ಅವನು ಪರಿಹಾರ ವಸೂಲು ಮಾಡಿಕೊಂಡನೆನ್ನಬಹುದು.

ಇದಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಹೊಂಗೆಮರದ ಕೊಂಬೆಗೆ ಮೊಳದುದ್ದದ ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಅದೇ ನಮ್ಮ ಗಂಟೆ. ಜವಾನ ಅದಕ್ಕೆ ಕಬ್ಬಿಣದ ಕಡ್ಡಿಯಿಂದ ಬಾರಿಸಿದರೆ ಕೆರೆಯ ಏರಿಯ ಮೇಲಿದ್ದವರಿಗೂ ಕೇಳಿಸುತ್ತಿತ್ತು. ಇಂಥ ಗಂಟೆ ಕನ್ನಡನಾಡಿನ ನೂರಾರು ಶಾಲೆಗಳಲ್ಲಿತ್ತು. ಅದರ ಸದ್ದಿಗೆ ಓಡಿದವರು ಈ ಪುಟವನ್ನು ಓದುವವರಲ್ಲಿಯೂ ಅನೇಕರಿದ್ದಾರು. ಅದೇ ಕಂಬಿಯ ಇನ್ನೊಂದು ತುಂಡು ಕುಲುಮೆಯಲ್ಲಿ ಅಡಿಗಲ್ಲಾಗಿ ಕೂರುತ್ತಿತ್ತು. ಸಾವಿರಾರು ಬಂಡಿಗಳ ಭಾರವನ್ನು ಹೊತ್ತ ಕಂಬಿಗೆ ಸುತ್ತಿಗೆಯ ಪೆಟ್ಟು ಯಾವ ಲೆಕ್ಕ!

ಈಗ ನಮ್ಮ ಮೊಳೆಗೆ ಬರೋಣ. ಅದರ ಹುಟ್ಟು ಅಮೆರಿಕೆಯಲ್ಲಿ. 1830ರಲ್ಲಿ ರಾಬರ್ಟ್ ಸ್ಟೀವನ್ಸ್ ಎಂಬ ಇಂಜಿನಿಯರು ಅಡಿ ಅಗಲವಾದ, ಇಂದು ನಾವು ಕಾಣುವಂಥ ಕಂಬಿಯ ಆಕಾರವನ್ನು ಯೋಚಿಸಿದ. ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತು ಮರದ ತುಂಡಿನಲ್ಲಿ ಅದರ ಮಾದರಿಯನ್ನು ಕೆತ್ತಿದನೆಂದು ಹೇಳುತ್ತಾರೆ. ಆ ಕಂಬಿಯ ಅಂಚನ್ನು ಮರಕ್ಕೆ ಅದುಮಿ ಹಿಡಿಯಲು ಬಾಗಿದ ತಲೆಯ ಮೊಳೆಯೂ ಅದರ ಜೊತೆಯಲ್ಲೇ ಬಂದಿತು. 1869ರ ಮೇ 10ರಂದು ಅಮೆರಿಕದ ಎರಡು ಕಡಲುಗಳನ್ನು ಕೂಡಿಸಿದ ರೈಲುದಾರಿ ಪೂರ್ತಿಯಾದಾಗ ಚಿನ್ನದ ಮೊಳೆಯೊಂದನ್ನೇ ಮಾಡಿಸಿ ಉತ್ಸವ ನಡೆಸಿದರು. ಚಿನ್ನದ್ದನ್ನು ಕೂಡಲೇ ಕಿತ್ತು ಜೋಪಾನವಾಗಿ ಎತ್ತಿಟ್ಟರು. ದಾರಿಯನ್ನು ಹಿಡಿದು ನಿಂತದ್ದು ಎಂದಿನಂತೆ ಕಬ್ಬಿಣದ್ದೇ.

ಈ ಮೊಳೆಯಲ್ಲಿ ಒಂದು ಸ್ವಾರಸ್ಯವಿದೆ. ಇಷ್ಟು ಕಠಿಣವಾದ ಕೆಲಸ ಮಾಡುವ ವಸ್ತು ಬಹಳ ಗಟ್ಟಿಯಾದ ಉಕ್ಕಿನಿಂದ ಆಗಿರಬೇಕೆಂದು ನಾವು ಎಣಿಸುತ್ತೇವೆ. ನಿಜವಾಗಿ ಅದು ಮೆದು ಉಕ್ಕು. ಅದರಲ್ಲಿ ಇಂಗಾಲದ ಅಂಶ ನೂರಕ್ಕೆ ಕಾಲು ಭಾಗದ ಆಸುಪಾಸು. ಬಹಳವೆಂದರೆ ಮೂರನೆಯ ಒಂದು ಭಾಗ. ಕಂಬಿಯಲ್ಲಾದರೆ ಅರ್ಧ ಭಾಗಕ್ಕೂ ಮಿಗಿಲು. ಮೊಳೆಯನ್ನು ಹೀಗೆ ಮೆದುವಾಗಿ ಇಟ್ಟದ್ದು ಬುದ್ಧಿಪೂರ್ವಕವಾಗಿ. ಬಂಡಿ ಹಾಯುವಾಗ ಕಂಬಿ ನಡುಗುತ್ತದೆ, ಮೇಲಕ್ಕೆ ಎಳೆಯುತ್ತದೆ. ಮೆದು ಮೊಳೆ ಆಗ ಸ್ವಲ್ಪ ಬಾಗೀತು, ಸ್ವಲ್ಪ ಮೇಲೆದ್ದೀತು. ಗ್ಯಾಂಗಿನವನು ಕಂಡು ಮತ್ತೆ ಬಡಿದು ಕೂರಿಸಬಹುದು. ಗಡಸು ಮೊಳೆ ಹಾಗಲ್ಲ. ಯಾರಿಗೂ ಸೂಚನೆ ಕೊಡದೆ ಪಟ್ಟನೆ ಮುರಿಯುತ್ತದೆ. ಬಾಗುವ ಗುಣವೇ ಇಲ್ಲಿ ಪ್ರಯಾಣಿಕರ ಪ್ರಾಣರಕ್ಷಣೆ.

ಈಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ಈ ಹಳೆಯ ಮೊಳೆಗಳನ್ನು ಕಾಯಿಸಿ ಬಡಿದು ಬಗೆಬಗೆಯ ವಸ್ತುಗಳನ್ನು ಮಾಡುವ ಹವ್ಯಾಸ ಬಹಳವಾಗಿ ಬೆಳೆದಿದೆ. ಮನೆಯ ಹಿಂದೆ ಪುಟ್ಟ ಕುಲುಮೆ ಹೂಡಿಕೊಂಡ ಗುಮಾಸ್ತರು, ಉಪಾಧ್ಯಾಯರು ರಜೆಯ ದಿನ ಸುತ್ತಿಗೆ ಹಿಡಿಯುತ್ತಾರಂತೆ. ಅಲ್ಲಿ ನೆಲೆಸಿರುವ ಬಂಧುವೊಬ್ಬರು ಜಯನಗರದ ನಮ್ಮ ಮನೆಗೆ ಬಂದಾಗ ಅಂಥದೊಂದು ಚಾಕುವನ್ನು ನನಗೆ ಉಡುಗೊರೆಯಾಗಿ ಕೊಟ್ಟರು. ಮೊಳೆಯ ತಲೆಯನ್ನು ಹಾಗೆಯೇ ಬಿಟ್ಟು, ಮೈಯನ್ನು ಹಗ್ಗದಂತೆ ಹೊಸೆದು ಹಿಡಿಯನ್ನಾಗಿ ಮಾಡಿ, ತುದಿಯನ್ನು ಚಪ್ಪಟೆ ಬಡಿದು ಅಲಗು ತೆಗೆದಿದ್ದರು. ನೋಡಲು ಬಹು ಚಂದ. ಆದರೆ ಹುರುಳಿಕಾಯಿ ಹೆಚ್ಚಲು ಕುಳಿತರೆ ನಾಲ್ಕು ದಿನದಲ್ಲಿ ಅದರ ಮೊನೆ ಮೊಂಡಾಯಿತು.

ಕನಕಪುರ ರಸ್ತೆಯ ಕಡೆ ದಾರಿಯ ಅಂಚಿನಲ್ಲಿ ಕುಲುಮೆ ಹೂಡಿಕೊಂಡಿದ್ದ ಮುದುಕರೊಬ್ಬರಲ್ಲಿಗೆ ಅದನ್ನು ಒಯ್ದೆ. ಹಳೆಯ ಕಾಲದ ಚರ್ಮದ ತಿದಿಯ ಬದಲು ಅವರಲ್ಲಿ ಸೈಕಲ್ ಚಕ್ರಕ್ಕೆ ಪಟ್ಟಿ ಕಟ್ಟಿದ ಫ್ಯಾನು ಇತ್ತು. ಅಡಿಗಲ್ಲು ಮಾತ್ರ ರೈಲುಕಂಬಿಯ ತುಂಡೇ.

“ಆಚಾರ್ರೇ, ಇದಕ್ಕೆ ಸ್ವಲ್ಪ ಹದ ಕೊಟ್ಟು ಸಾಣೆ ಹಿಡಿದುಕೊಡುತ್ತೀರಾ?” ಎಂದೆ.

ಅವರು ಚಾಕುವನ್ನು ತಿರುಗಿಸಿ ನೋಡಿ, ಅಡಿಗಲ್ಲಿಗೆ ಒಮ್ಮೆ ತಟ್ಟಿದರು. “ಸಾಣೆ ಹಿಡೀಬೌದು ಸ್ವಾಮಿ. ಹದ ಎಲ್ಲಿಂದ ಕೊಡ್ಲಿ? ಇದು ಮೊಳೆ ಕಬ್ಣ. ನೀರು ಕುಡುಸುದ್ರೆ ನೆನೀತದೆ, ಅಷ್ಟೆ. ಗಟ್ಟಿಯಾಗಾಕಿಲ್ಲ.”

“ಹಾಗಾದರೆ ಚಾಕು ಯಾವುದರಲ್ಲಿ ಮಾಡಬೇಕು?”

“ಲಾರಿ ಕಮಾನುಪಟ್ಟೀಲಿ ಮಾಡ್ಬೇಕು. ಮೊಳೇಲಿ ಗೂಟ ಮಾಡಿ, ಕೊಕ್ಕೆ ಮಾಡಿ, ದೀಪದ ಕಂಬ ಮಾಡಿ. ಎಂಥಾ ಬಳುಕು ಬೇಕೋ ಬಳುಕ್ತದೆ. ಅದರ ಗುಣ ಬಾಗೋದು, ಕುಯ್ಯೋದಲ್ಲ.”

ಲೋಹಶಾಸ್ತ್ರದ ಪುಸ್ತಕ ಹೇಳುವುದೂ ಇದನ್ನೇ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದಾಗ ಅದು ಗಡಸಾಗುವುದು ಒಳಗಿನ ಇಂಗಾಲದ ಬಲದಿಂದ. ಚಾಕು ಚೂರಿಗಳಿಗೆ ನೂರಕ್ಕೆ ಅರ್ಧ ಭಾಗಕ್ಕೆ ಮೇಲ್ಪಟ್ಟ ಇಂಗಾಲ ಬೇಕು. ಮೊಳೆಯಲ್ಲಿ ಅದಿಲ್ಲ, ಲಾರಿಯ ಕಮಾನುಪಟ್ಟಿಯಲ್ಲಿ ಇದೆ. ಆಚಾರ್ರು ಪುಸ್ತಕ ಓದಿದವರಲ್ಲ. ಅವರ ಪಾಲಿಗೆ ಪರೀಕ್ಷೆಗಳು ಬೇರೆ. ತಟ್ಟಿದರೆ ಬರುವ ನಾದ ಒಂದು. ಸಾಣೆಯ ಚಕ್ರಕ್ಕೆ ಹಿಡಿದಾಗ ಹಾರುವ ಕಿಡಿ ಇನ್ನೊಂದು: ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯಂತೆ ಹೋಗಿ ಆರುತ್ತದೆ, ಉಕ್ಕಿನ ಕಿಡಿ ದೀಪಾವಳಿಯ ಸುರುಸುರುಬತ್ತಿಯಂತೆ ಕವಲು ಕವಲಾಗಿ ಸಿಡಿಯುತ್ತದೆ. ಸಂದೇಹ ಉಳಿದರೆ ಸಣ್ಣ ಚೂರನ್ನು ಕಾಯಿಸಿ, ನೀರಿಗದ್ದಿ, ಸುತ್ತಿಗೆಯಿಂದ ಹೊಡೆಯುವುದು: ಗಾಜಿನಂತೆ ಒಡೆದರೆ ಉಕ್ಕು, ಬಾಗಿದರೆ ಕಬ್ಬಿಣ. ಗಡಸಾದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವಾಗ ಮೈಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಎಂದು ಬಣ್ಣಗಳು ಸಾಲಾಗಿ ಓಡುತ್ತವೆ. ಯಾವ ಬಣ್ಣದಲ್ಲಿ ನಿಲ್ಲಿಸಬೇಕೆಂಬುದು ಆಯುಧದ ಕೆಲಸದ ಮೇಲೆ ಹೋಗುತ್ತದೆ.

ಹೊಸ ಸಲಾಕಿಯನ್ನು ಕೊಳ್ಳುವವನಿಗೆ ಅದು ಏನೆಂದು ಅಂಗಡಿಯವನು ಹೇಳಿಯಾನು. ಗುಜರಿಯ ಕಬ್ಬಿಣಕ್ಕೆ ಹೆಸರಿಲ್ಲ, ಚೀಟಿಯಿಲ್ಲ. ಅದರ ಹೆಸರನ್ನು ಅದರ ಮೈಯಿಂದಲೇ ಓದಿಕೊಳ್ಳಬೇಕು. ಮಾಗಡಿ ಸೀಮೆಯ ಉಕ್ಕು ನಿಂತುಹೋದ ಮೇಲೆ, ಎಲ್ಲಿಂದಲೋ ಬಂದ ಹೆಸರಿಲ್ಲದ ಲೋಹವನ್ನು ಓದುವ ಈ ವಿದ್ಯೆಯನ್ನು ನಮ್ಮ ಕಮ್ಮಾರರು ಬೆಳೆಸಿಕೊಂಡರು. ಹಳೆಯ ಒಲೆಯ ನೆನಪಿಗೆ ಎಷ್ಟು ಗೌರವ ಸಲ್ಲಬೇಕೋ ಈ ಓದಿಗೂ ಅಷ್ಟೇ ಗೌರವ ಸಲ್ಲಬೇಕೆಂದು ನನ್ನ ಭಾವನೆ. ಆದರೆ ಒಂದನ್ನು ಕುರಿತು ಗ್ರಂಥಗಳಿವೆ. ಇನ್ನೊಂದು ಆಚಾರ್ರ ಕಿವಿಯಲ್ಲಿ, ಅಂಗೈಯಲ್ಲಿ ಮಾತ್ರ ಇದೆ.

ಮೊಳೆಯಿಂದ ಏನೇನು ಮಾಡಬಹುದು? ಗೋಡೆಗೆ ಬಡಿಯುವ ಕೊಕ್ಕೆ, ಬಾಗಿಲಿನ ಹಿಡಿ, ತೂಗುದೀಪದ ಕೊಂಡಿ, ಪುಸ್ತಕಗಳ ಸಾಲಿಗೆ ಒತ್ತುಗೊಡುವ ಆನಿಕೆ, ತುಳಸಿಕಟ್ಟೆಯ ಮುಂದೆ ನಿಲ್ಲಿಸುವ ದೀಪದ ಕಂಬ. ಬಾಗಿದ ತಲೆಯೇ ಹಕ್ಕಿಯ ಕೊಕ್ಕಾಗಬಲ್ಲದು, ಹಾವಿನ ಹೆಡೆಯಾಗಬಲ್ಲದು. ಮೈ ಚೌಕವಾಗಿರುವುದರಿಂದ ಕೆಂಪಗೆ ಕಾಯಿಸಿ ಒಂದು ತುದಿಯನ್ನು ಬಿಗಿಹಿಡಿದು ತಿರುಚಿದರೆ ನಾಲ್ಕು ಅಂಚುಗಳು ಹಗ್ಗದ ಎಳೆಗಳಂತೆ ಸುತ್ತಿಕೊಂಡು ತಾನಾಗಿ ಅಲಂಕಾರವಾಗುತ್ತದೆ. ಮೆದು ಉಕ್ಕಾದ್ದರಿಂದ ಕಲಿಯುವವನ ತಪ್ಪು ಪೆಟ್ಟುಗಳನ್ನೂ ಅದು ಸಹಿಸುತ್ತದೆ. ಸುತ್ತಿಗೆ ಹಿಡಿಯಲು ಆಸೆಪಡುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಕಾಣೆ. ಆದರೆ ಸ್ಲೀಪರ್ ಮರಕ್ಕೆ ಬಳಿಯುತ್ತಿದ್ದ ಎಣ್ಣೆ ಮೊಳೆಗೂ ಅಂಟಿರುತ್ತದೆ. ಅದನ್ನು ಚೆನ್ನಾಗಿ ಉಜ್ಜಿ ತೆಗೆದು ಬಯಲಿನಲ್ಲಿಯೇ ಕಾಯಿಸಬೇಕು. ಸತುವಿನ ಲೇಪವಿರುವ ಕಬ್ಬಿಣವನ್ನಂತೂ ಕುಲುಮೆಗೆ ಹಾಕಲೇಬಾರದು. ಅದರ ಹೊಗೆಯಿಂದ ಜ್ವರ ಬರುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಹಳಿಯ ಬದಿಯಲ್ಲಿ ಬಿದ್ದ ಮೊಳೆ ದಾರಿಹೋಕನ ಸೊತ್ತಲ್ಲ. 1966ರ ರೈಲ್ವೆ ಸ್ವತ್ತಿನ ಕಾನೂನಿನ ಪ್ರಕಾರ, ಕದ್ದದ್ದೆಂದು ಅಥವಾ ಅಕ್ರಮವಾಗಿ ಪಡೆದದ್ದೆಂದು ಸಕಾರಣವಾಗಿ ಅನುಮಾನಿಸಬಹುದಾದ ರೈಲ್ವೆ ವಸ್ತುವನ್ನು ಇಟ್ಟುಕೊಂಡವನು, ಅದು ನ್ಯಾಯವಾಗಿ ಬಂದದ್ದೆಂದು ತೋರಿಸಲಾರದಿದ್ದರೆ, ಐದು ವರ್ಷದವರೆಗೆ ಸೆರೆಮನೆ ಕಾಣಬಹುದು. ಕಾನೂನು ಕಠಿಣವೆಂದು ಯಾರೂ ದೂರಬೇಕಾಗಿಲ್ಲ. ಒಂದು ಮೊಳೆಯ ಹಿಂದೆ ಸಾವಿರ ಪ್ರಯಾಣಿಕರಿದ್ದಾರೆ. ರೈಲ್ವೆಯವರು ಹರಾಜಿನಲ್ಲಿ ಮಾರಿದ ಹಳೆಯ ಕಬ್ಬಿಣವನ್ನು ರಸೀತಿಯಿದ್ದ ವ್ಯಾಪಾರಿಯಿಂದ ಕೊಳ್ಳುವುದೇ ಸರಿಯಾದ ದಾರಿ.

ಆ ದಾರಿಯಲ್ಲಿಯೂ ಮೊಳೆ ದಿನದಿನಕ್ಕೆ ಅಪರೂಪವಾಗುತ್ತಿದೆ. ಮರದ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟಿನವು ಬಂದವು. ಕಾಂಕ್ರೀಟಿಗೆ ಮೊಳೆ ಹೊಡೆಯಲಾಗುವುದಿಲ್ಲ. ಸುರುಳಿ ಸುತ್ತಿದ ಸ್ಪ್ರಿಂಗ್ ಉಕ್ಕಿನ ಕ್ಲಿಪ್ಪು ಕಂಬಿಯನ್ನು ಅದುಮಿ ಹಿಡಿಯುತ್ತದೆ. ಬೆಂಗಳೂರು–ಮೈಸೂರು ಮೀಟರ್ ಗೇಜು 1990ರ ದಶಕದಲ್ಲಿ ಬ್ರಾಡ್ ಗೇಜಾಯಿತು. ಆ ಹಳೆಯ ಕಾಲದ ಬಂಡಿಗಳನ್ನು ನೋಡಬೇಕೆನ್ನುವವರು ಈಗ 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹೊಸ ಕ್ಲಿಪ್ಪು ಕೂಡ ಸವೆದು ಗುಜರಿಗೆ ಬಂದೀತು. ಅದು ಮೊಳೆಯ ಕಬ್ಬಿಣವಲ್ಲ. ಇಂಗಾಲ, ಸಿಲಿಕಾನ್ ಬೆರೆತ ಬಿರುಸಾದ ಉಕ್ಕು. ಅದನ್ನು ಓದಲು ಮತ್ತೆ ಹೊಸದಾಗಿ ಕಿವಿಗೊಡಬೇಕು.

ಓದುವವರು ಇರುತ್ತಾರೆಯೇ ಎಂಬುದು ಪ್ರಶ್ನೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಾವು ವಾಸಿಸುವ ಬಡಾವಣೆಗಳ ಅಡಿಯಲ್ಲಿ ಹಳ್ಳಿಗಳಿವೆ. ಜಯನಗರ ಹುಟ್ಟಿದ್ದು 1948ರಲ್ಲಿ. ಅದಕ್ಕೆ ಮೊದಲು ಆ ನೆಲ ಯಡಿಯೂರು, ಬೈರಸಂದ್ರ ಮೊದಲಾದ ಹಳ್ಳಿಗಳ ಹೊಲ, ತೋಪು, ಕೆರೆಯಂಗಳ. ಜೆ.ಪಿ. ನಗರ ಸಾರಕ್ಕಿಯ ಮಗ್ಗುಲಲ್ಲಿ ಬೆಳೆಯಿತು. ಬಿ.ಟಿ.ಎಂ. ಎಂಬ ಮೂರಕ್ಷರಗಳನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಎದ್ದುಬರುತ್ತವೆ. ನೇಗಿಲಿದ್ದ ಊರಿಗೆ ಕುಳ ತಟ್ಟುವವನು ಬೇಕೇ ಬೇಕಾಗಿತ್ತು. ಹೊಲ ನಿವೇಶನವಾದಾಗ ರೈತನಿಗೆ ಹೆಚ್ಚೋ ಕಡಿಮೆಯೋ ಪರಿಹಾರದ ಹಣ ಬಂದಿತು. ಕಣವೇ ಇಲ್ಲದ ಮೇಲೆ ಆಯ ಎಲ್ಲಿಂದ ಬರಬೇಕು? ಕಮ್ಮಾರನಿಗೆ ಹೊಲವಿರಲಿಲ್ಲ, ಅವನ ಆಸ್ತಿ ಊರಿನ ನೇಗಿಲುಗಳು. ಆ ಆಸ್ತಿಯ ಲೆಕ್ಕ ಯಾವ ಕಾಗದದಲ್ಲಿಯೂ ಬರುವಂಥದಲ್ಲ. ಅನೇಕರು ಗೇಟು, ಕಿಟಕಿಯ ಸರಳುಗಳ ವೆಲ್ಡಿಂಗ್ ಕೆಲಸಕ್ಕೆ ತಿರುಗಿದರು; ಕೆಲವರು ಕಾರ್ಖಾನೆಗೆ ಹೋದರು; ಉಳಿದವರು ಕಾಲುದಾರಿಯ ಅಂಚಿಗೆ ಬಂದರು.

ಇಂದು ಹವ್ಯಾಸವಾಗಿ, ಕಲೆಯಾಗಿ ಕುಲುಮೆಯ ಕೆಲಸಕ್ಕೆ ಮನ್ನಣೆ ದೊರೆಯುತ್ತಿರುವುದು ಸಂತೋಷದ ವಿಷಯ. ಅದನ್ನು ಕಲಿಯಬಯಸುವ ನಮ್ಮ ಯುವಕ ಯುವತಿಯರು ಪರದೇಶದ ಚಿತ್ರಗಳನ್ನು ನೋಡಿ ಕಲಿಯಲಿ, ಅದರಲ್ಲಿ ದೋಷವಿಲ್ಲ. ಅದರ ಜೊತೆಗೆ ನಮ್ಮ ಬೀದಿಯಲ್ಲಿಯೇ ಇನ್ನೂ ಕುಳಿತಿರುವ ಆಚಾರ್ರ ಬಳಿ ನಾಲ್ಕು ದಿನ ಕೂತು, ಕೂಲಿ ಕೊಟ್ಟು, ಕೇಳಿ ಬರೆದುಕೊಳ್ಳಲಿ: ಯಾವ ನಾದಕ್ಕೆ ಯಾವ ಕಬ್ಬಿಣ, ಯಾವ ಕಿಡಿಗೆ ಯಾವ ಹದ, ಯಾವ ಬಣ್ಣಕ್ಕೆ ಯಾವ ನೀರು. ತಾಂತ್ರಿಕ ಶಾಲೆಗಳು ಅಂಥ ಒಬ್ಬರನ್ನು ವರ್ಷಕ್ಕೆ ಒಂದು ವಾರ ಕರೆಸಿಕೊಂಡರೆ ಖರ್ಚು ಹೆಚ್ಚಾಗದು. ಬುಕಾನನ್ ಬರೆದಿಡದಿದ್ದರೆ ಮಾಗಡಿಯ ಒಲೆಗಳ ವಿಷಯ ನಮಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ. ಆತನಿಗೆ ಕನ್ನಡ ಬಾರದು, ದ್ವಿಭಾಷಿಯ ಬಾಯಿಂದ ಕೇಳಬೇಕಾಗಿತ್ತು. ನಮಗೆ ಆ ತೊಡಕೂ ಇಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕೆಂದು ಗಾದೆಯಿದೆ. ಆಚಾರ್ರ ಕೆಂಡ ಇನ್ನೂ ಆರಿಲ್ಲ.